ಸ್ತೂರೆಯ ಮುಂದಿನ ಗಿಟಾರು

“ಅಮ್ಮಾ, ಸ್ತೂರೆ ಯಾಕೆ ಗುನ್ವೋರ್‌ಳನ್ನ ಅಡುಗೆಮನೇಲಿ ಮಲಗಿಸ್ತಾನೆ?”

ಲೋವಾ ಇದನ್ನು ಕೇಳಿದ್ದು ಬೆಳಗಿನ ಏಳು ಗಂಟೆಗೆ, ಬಾಯಿತುಂಬ ಮೊಸರು ಇಟ್ಟುಕೊಂಡು. ಮೈಕೆನ್ ಒಂದು ಕೈಯಲ್ಲಿ ಮಗಳ ಚಳಿಪ್ಯಾಂಟು ಹಿಡಿದು ಕಣ್ಣಲ್ಲೇ ಕೈಗವಸಿನ ಇನ್ನೊಂದು ಜೋಡಿಯನ್ನು ಹುಡುಕುತ್ತಿದ್ದಳು. ಫೆಬ್ರವರಿ. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ.

“ಹಾಗಂತ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲ. ನಾನೇ ನೋಡ್ದೆ. ಸೋಫಾ ಮುಚ್ಚಳ ತೆಗೆದ್ರೆ ಒಳಗೆ ದಿಂಬಿತ್ತು, ಹೊದಿಕೆ ಇತ್ತು, ಅವಳ ಉಸಿರಿನ ಪಂಪಿತ್ತು.” ಐದು ವರ್ಷದ ಸಾಕ್ಷಿ ಮೂರು ಬೆರಳು ಮಡಚಿ ತೋರಿಸಿತು. “ಗಿಟಾರುಗಳಿಗೆ ಎರಡು ರೂಮಿದೆ. ಅವಳಿಗೆ ಒಂದೂ ಇಲ್ಲ.”

“ಬೇಗ ತಿನ್ನು, ಬಸ್ಸು ಹೋಗುತ್ತೆ,” ಎಂದು ಮೈಕೆನ್ ಮಾತು ಹಾರಿಸಿದಳು. ಆದರೆ ಮಾತು ಹಾರಲಿಲ್ಲ. ಲುದ್ವಿಕಾದ ಹಲ್ಲಿನ ಆಸ್ಪತ್ರೆಯಲ್ಲಿ ಊರವರ ಹಲ್ಲಿನ ಸಂದಿ ಕೆರೆಯುತ್ತ ನಿಂತ ಇಡೀ ದಿನ ಅದು ಅವಳ ತಲೆಯೊಳಗೆ ಕೂತೇ ಇತ್ತು. ಮಂಗಳವಾರ, ಗುರುವಾರ ಅವಳ ಕೆಲಸ ಮುಗಿಯುವುದು ಸಂಜೆ ಐದೂವರೆಗೆ. ಆ ಎರಡು ದಿನ ಶಿಶುವಿಹಾರದಿಂದ ಲೋವಾಳನ್ನು ಕರೆತಂದು, ಅಡುಗೆಮನೆಯ, ಒಳಗೆ ಪೆಟ್ಟಿಗೆಯಂತಿರುವ ಆ ಮರದ ಸೋಫಾದ ಮೇಲೆ ಕೂರಿಸಿ, ಪ್ಯಾನ್‌ಕೇಕು ಹುಯ್ದುಕೊಡುವವಳು ಎದುರು ಮನೆಯ ಗುನ್ವೋರ್. ಮೂರು ವರ್ಷದಿಂದ. ಒಂದು ಕ್ರೋನಾ ಮುಟ್ಟಿದವಳಲ್ಲ. ಅಂಥವಳು ರಾತ್ರಿ ಎಲ್ಲಿ ಮಲಗುತ್ತಾಳೆ ಎಂದು ಮೈಕೆನ್‌ಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅದು ಅವಳನ್ನು ಚುಚ್ಚಿತು.

ಗುನ್ವೋರ್‌ಳ ಗಂಡ ಸ್ತೂರೆ ಕೆಟ್ಟವನಾಗಿದ್ದರೆ ಎಲ್ಲ ಸುಲಭವಿತ್ತು. ಅವನು ಕೆಟ್ಟವನಲ್ಲ. ಯಾರೂ ಹೇಳದೆ ಇಡೀ ಕಟ್ಟಡದ ಮೆಟ್ಟಿಲ ಮೇಲಿನ ಹಿಮ ಗುಡಿಸುವವನು, ಜಾರದಿರಲೆಂದು ಮರಳು ಚೆಲ್ಲುವವನು ಅವನೇ. ಲೋವಾಳ ಅಪ್ಪ ಮನೆಬಿಟ್ಟು ಫಾಲುನ್‌ಗೆ ಹೋದ ವಾರ, ಏನೂ ಕೇಳದೆ, ಏನೂ ಹೇಳದೆ, ಒಂದು ಡ್ರಿಲ್ಲು ಹಿಡಿದು ಬಂದು ಮೂಲೆಯಲ್ಲಿ ಬಿದ್ದಿದ್ದ ಕಪಾಟನ್ನು ಗೋಡೆಗೆ ಹೊಡೆದು ಹೋದವನೂ ಅವನೇ. ಅರವತ್ತೊಂಬತ್ತರ ಆಳು, ಉದ್ದಕ್ಕೆ ತೆಳ್ಳಗೆ, ಸದಾ ಯಾವುದೋ ರಾಗವನ್ನು ಹಲ್ಲಿನ ನಡುವೆ ಕಚ್ಚಿಕೊಂಡಿರುವವನು. ಊರಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಟ್ರಾನ್ಸ್‌ಫಾರ್ಮರುಗಳಿಗೆ ತಾಮ್ರದ ತಂತಿ ಸುತ್ತಿದವನು.

ಹರೆಯದಲ್ಲಿ ಅವನು ಐದು ಜನರ ಡ್ಯಾನ್ಸ್ ಬ್ಯಾಂಡಿನಲ್ಲಿದ್ದ. ಐವರಿಗೂ ಒಂದೇ ಬಣ್ಣದ ಸೂಟು, ನವಿಲಿನ ಕತ್ತಿನ ಬಣ್ಣದ್ದು. ಬೇಸಿಗೆಯ ಶನಿವಾರಗಳಲ್ಲಿ ಹಳೇ ಬಸ್ಸೊಂದರಲ್ಲಿ ದಾಲಾರ್ನಾ ಪ್ರಾಂತ್ಯದ ಪಾರ್ಕುಗಳನ್ನೆಲ್ಲ ಸುತ್ತಿ ನುಡಿಸಿದ್ದರು. ಸ್ತೂರೆ ನಿಲ್ಲುತ್ತಿದ್ದುದು ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕ. ಅವನ ಪಾಲಿಗೆ ಒಂದು ಹಾಡಿಗೆ ನಾಲ್ಕೋ ಐದೋ ಸ್ವರಗುಚ್ಛ, ಅಷ್ಟೆ. “ಮುಂದೆ ಹಾಡೋನು ಚೆನ್ನಾಗಿದ್ದ. ಆದ್ರೆ ಅವನ ಸುತ್ತ ಹುಡುಗೀರು ತುಂಬಾ ಇದ್ರು,” ಎಂದು ಗುನ್ವೋರ್ ಹೇಳುವುದಿತ್ತು. “ಹಿಂದೆ ಒಬ್ಬ ನಿಂತಿದ್ದ. ಅವನ ಸುತ್ತ ಯಾರೂ ಇರ್ಲಿಲ್ಲ. ಸರದಿ ಚಿಕ್ಕದಿದೆ ಅಂತ ಅಲ್ಲಿ ನಿಂತ್ಕೊಂಡೆ.”

ಬ್ಯಾಂಡು ಮುಗಿದಾಗ ಅವನ ಬಳಿ ಇದ್ದದ್ದು ಎರಡು ಗಿಟಾರು. ಮಗಳು ಪೆರ್ನಿಲ್ಲಾ ಮದುವೆಯಾಗಿ ಮಾಲ್ಮೊಗೆ ಹೋದಾಗ ಏಳಾಗಿದ್ದವು. ಅವಳ ಕೋಣೆ ಗಿಟಾರಿನ ಕೋಣೆಯಾಯಿತು. ನಿವೃತ್ತಿಯ ದಿನ ಹತ್ತೊಂಬತ್ತು. ಆ ಫೆಬ್ರವರಿಯಲ್ಲಿ ಮೂವತ್ತನಾಲ್ಕು. ಆ ಲೆಕ್ಕ ಆಮೇಲೆ ಗೊತ್ತಾದದ್ದು. ಗುನ್ವೋರ್‌ಗೆ ಗೊತ್ತಿದ್ದದ್ದು ಇಪ್ಪತ್ತಾರು.

ಕಾರಣ ಏನೆಂದರೆ, ಅವಳು ಎಣಿಸುತ್ತಿದ್ದದ್ದು ಗಿಟಾರಿನ ಪೆಟ್ಟಿಗೆಗಳನ್ನು. ಹೊಸ ಪೆಟ್ಟಿಗೆ ಬಂದರೆ ಅವಳಿಗೆ ತಿಳಿಯುತ್ತದೆಂದು ಸ್ತೂರೆ ಪೆಟ್ಟಿಗೆ ತರುವುದನ್ನೇ ನಿಲ್ಲಿಸಿದ್ದ. ಬರೀ ಗಿಟಾರು ತರುತ್ತಿದ್ದ. ಬುಧವಾರ ಬೆಳಗ್ಗೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಸರದಿಯನ್ನು ಖಾಯಮ್ಮಾಗಿ ತನ್ನ ಹೆಸರಿಗೆ ಬರೆದುಕೊಂಡಿದ್ದ. ಹೆಂಡತಿಗೆ ಎಷ್ಟು ಸಹಾಯ ಮಾಡ್ತಾನಪ್ಪ ಎಂದು ಕಟ್ಟಡದ ಹೆಂಗಸರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವನು ಹಿಂಬಾಗಿಲಿನಿಂದ ಗಿಟಾರು ಒಳಗೆ ತಂದು, ಒಗೆದ ಬಟ್ಟೆಯ ಗಾಡಿಯಲ್ಲಿ ಹಾಸಿಗೆ ವಸ್ತ್ರದ ಕೆಳಗೆ ಮಲಗಿಸಿ, ಮೇಲೆ ಒಯ್ಯುತ್ತಿದ್ದ. ಒಮ್ಮೆ ಗಾಡಿಯ ಗಾಲಿ ಮೆಟ್ಟಿಲಿಗೆ ಸಿಕ್ಕಿಕೊಂಡಾಗ ಮೈಕೆನ್‌ಳೇ ಒಂದು ಕಡೆ ಹಿಡಿದು ಎತ್ತಿಕೊಟ್ಟಿದ್ದಳು. ದುಪ್ಪಟಿ ಇಷ್ಟು ಭಾರವೇ ಎಂದು ಅಂದುಕೊಂಡಿದ್ದಳು.

ಹಾಗಂತ ಗುನ್ವೋರ್ ಪೆದ್ದಿಯಲ್ಲ. ಅವರಿಬ್ಬರ ಮಾತು ಮೆಟ್ಟಿಲವರೆಗೂ ಕೇಳಿಸುತ್ತಿತ್ತು.

“ಇದು ಯಾವುದು?”

“ಯಾವುದು ಯಾವುದು?”

“ಈ ಕೆಂಪದು.”

“ಅದಾ? ಅದು ಯಾವಾಗ್ಲೂ ಇತ್ತಲ್ಲ.”

“ಯಾವಾಗ್ಲೂ ಅಂದ್ರೆ ನಿನ್ನೆಯಿಂದನಾ?”

“ಗುನ್ವೋರ್, ಅದು ಅರವತ್ತೆಂಟನೇ ಇಸವೀದು. ನಮ್ಮ ಮದುವೆಗಿಂತ ಹಳೇದು.”

“ಹಾಗಾದ್ರೆ ಅದನ್ನೇ ಮದುವೆ ಆಗ್ಬೇಕಿತ್ತು.”

ಮೈಕೆನ್ ಇದನ್ನು ಕೇಳಿ ಬಾಗಿಲ ಹಿಂದೆ ನಿಂತು ನಕ್ಕಿದ್ದಳು. ಎಲ್ಲ ಮನೆಯಲ್ಲೂ ಇರುವಂಥದ್ದೇ ಎಂದುಕೊಂಡಿದ್ದಳು. ಒಬ್ಬನಿಗೆ ಮೀನಿನ ಗಾಳ, ಒಬ್ಬನಿಗೆ ಹಳೇ ಮೋಟಾರು ಸೈಕಲ್ಲು.

ಯಾಕೆ ಕೊಳ್ಳುತ್ತೀಯ ಎಂದು ಕೇಳಿದವರಿಗೆಲ್ಲ ಸ್ತೂರೆ ಒಂದೊಂದು ಉತ್ತರ ಕೊಡುತ್ತಿದ್ದ. ಬೆಲೆ ಏರುತ್ತದೆ ಎಂದು ಅಳಿಯನಿಗೆ. ಇಂಥ ಮರ ಈಗ ಸಿಗುವುದಿಲ್ಲ ಎಂದು ಕಾರ್ಖಾನೆಯ ಗೆಳೆಯರಿಗೆ. ಇದೇ ಕೊನೆಯದು ಎಂದು ಗುನ್ವೋರ್‌ಗೆ, ಪ್ರತಿ ಸಲ. ಮೈಕೆನ್‌ಗೆ ಮಾತ್ರ ಒಂದು ದಿನ, ಅವಳ ಸೈಕಲ್ಲಿಗೆ ಚೈನು ಏರಿಸುತ್ತ, ಎಡಗೈ ಚಾಚಿ ತೋರಿಸಿದ್ದ. ಉಂಗುರದ ಬೆರಳೂ ಕಿರುಬೆರಳೂ ಅಂಗೈ ಕಡೆಗೆ ಬಾಗಿ ಕೂತಿದ್ದವು. ಬಿಡಿಸಿದರೂ ಬಿಡಿಸಿಕೊಳ್ಳುತ್ತಿರಲಿಲ್ಲ.

“ನಮ್ಮಪ್ಪನಿಗೂ ಹೀಗೇ ಆಗಿತ್ತು. ನಮ್ಮ ಕಡೆ ಗಂಡಸರಿಗೆ ಬರುತ್ತೆ ಇದು. ದಪ್ಪ ಕತ್ತಿನ ಗಿಟಾರು ಹಿಡಿಯೋಕಾಗಲ್ಲ ಈಗ. ಸಣ್ಣ ಕತ್ತಿಂದು ಸಿಕ್ಕಿದ್ರೆ ಬೆರಳು ಕೂರುತ್ತೆ. ನೋಡು, ಇಲ್ಲಿ ಇಷ್ಟೇ ಇಷ್ಟು ಕಮ್ಮಿ ಇದ್ರೆ ಸಾಕು.” ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಕಾಗದ ತೂರುವಷ್ಟು ಸಂದಿ ಮಾಡಿದ.

“ಇಷ್ಟೊಂದರಲ್ಲಿ ಒಂದೂ ಆಗಲ್ವಾ?”

“ಹತ್ತಿರ ಹತ್ತಿರ ಬಂದಿದಾವೆ,” ಎಂದ ಸ್ತೂರೆ, ತುಂಬ ಗಂಭೀರವಾಗಿ. “ಮುಂದಿಂದು ಆಗುತ್ತೆ.”

ಕೈ ಕೊಯ್ದು ಬೆರಳು ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆಯಿದೆ, ಅರ್ಧ ದಿನದ ಕೆಲಸ ಎಂದು ವೈದ್ಯರು ಹೇಳಿ ಮೂರು ವರ್ಷವಾಗಿತ್ತು. ಆಮೇಲೆ ಆರು ವಾರ ನುಡಿಸಬಾರದಂತೆ ಎಂದು ಅವನು ಮುಂದೂಡುತ್ತ ಬಂದಿದ್ದ. ಆರು ವರ್ಷದಿಂದ ಅವನು ನುಡಿಸಿರಲಿಲ್ಲ. “ಬೆರಳಿಗೆ ಆಪರೇಷನ್ ಮಾಡಿಸ್ಕೋ ಅಂದ್ರೆ ಗಿಟಾರಿಗೆ ಮಾಡಿಸ್ತಾನೆ,” ಎಂದು ಗುನ್ವೋರ್ ಎಲ್ಲರೆದುರಿಗೂ ಹೇಳುತ್ತಿದ್ದಳು. ಹೇಳಿ ಕೆಮ್ಮುತ್ತಿದ್ದಳು.

ಕೆಮ್ಮು ಶುರುವಾಗಿ ಆಗ ಎರಡನೇ ಚಳಿಗಾಲ.

ಲೋವಾ ಪ್ರಶ್ನೆ ಕೇಳಿದ ಸಂಜೆ ಮೈಕೆನ್ ಮಗಳನ್ನು ಕರೆದುಕೊಳ್ಳಲು ಹೋದವಳು ಬೂಟು ಬಿಚ್ಚಿ ಒಳಗೇ ಕೂತಳು. ಗುನ್ವೋರ್ ಕಾಫಿ ಬಗ್ಗಿಸಿದಳು. ಲೋವಾ ನೆಲದ ಮೇಲೆ ಗುಂಡಿಗಳ ಡಬ್ಬಿ ಸುರಿದುಕೊಂಡಿತ್ತು.

“ಗುನ್ವೋರ್, ನೀನು ಇಲ್ಲೇ ಮಲಗ್ತೀಯಂತೆ?”

“ಓಹೋ, ಪತ್ತೇದಾರಿ ವರದಿ ಒಪ್ಪಿಸಿದಾಳೆ.” ಗುನ್ವೋರ್ ನಗಲು ಹೋದಳು. “ಅಡುಗೆಮನೆ ಬೆಚ್ಚಗಿರುತ್ತೆ ಮಾರಾಯ್ತಿ. ಫ್ರಿಜ್ಜು ಗೊಣಗ್ತಾ ಇರುತ್ತೆ, ಜೊತೆಗೊಬ್ಬರು ಇದ್ದ ಹಾಗಿರುತ್ತೆ.”

“ನಿಜ ಹೇಳು.”

“ನಿಜ ಏನು ಹೇಳೋದು? ಪೆರ್ನಿಲ್ಲಾ ಕೋಣೆ ತುಂಬಿತು. ಆಮೇಲೆ ನಮ್ಮ ಮಂಚದ ಕೆಳಗೆ ಬಂತು, ಆಮೇಲೆ ಗೋಡೆ ಉದ್ದಕ್ಕೂ ಬಂತು. ಅಲ್ಲಿ ಮಲಗಿದ್ರೆ ಎದೆ ಹಿಡ್ಕೊಳ್ಳುತ್ತೆ. ಇಲ್ಲಿ ಮಲಗಿದ್ರೆ ಅಷ್ಟು ಹಿಡ್ಕೊಳ್ಳಲ್ಲ. ಸ್ತೂರೆ ಹೇಳ್ತಾನೆ, ಬರ್ಚ್ ಮರದ ಹೂವಿನ ಧೂಳು ಅಂತೆ.”

“ಫೆಬ್ರವರೀಲಿ? ಈ ಹಿಮದಲ್ಲಿ ಎಲ್ಲಿಯ ಹೂವು?”

ಗುನ್ವೋರ್ ಎದ್ದುಹೋಗಿ ಒಲೆಯ ಮೇಲಿಲ್ಲದ ಪಾತ್ರೆಯನ್ನು ನೋಡಿದಂತೆ ಮಾಡಿದಳು. ಆಗ ಮೈಕೆನ್‌ಗೆ ಅರ್ಥವಾಯಿತು: ಅವಳಿಗೆ ಆ ಕೋಣೆಗಳ ಮೇಲೇ ಅನುಮಾನವಿದೆ, ಕೇಳಲು ಭಯ. ಕೇಳಿದರೆ ಅವನು ಏನೋ ಒಂದು ಹೇಳಿಬಿಡುತ್ತಾನೆ, ಆಮೇಲೆ ಅದರ ಜೊತೆ ಬದುಕಬೇಕು.

ಎದುರಿನ ಮುಚ್ಚಿದ ಬಾಗಿಲಿನಿಂದ ಏನೋ ಸಣ್ಣಗೆ ಬುಸುಗುಡುವ ಸದ್ದು ಬರುತ್ತಿತ್ತು. “ಅದೇನು?” ಎಂದಳು ಮೈಕೆನ್.

“ಅವನ ಹಬೆ ಯಂತ್ರ. ಚಳಿಗಾಲದಲ್ಲಿ ಹೀಟರಿಗೆ ಗಾಳಿ ಒಣಗುತ್ತಲ್ಲ, ಗಿಟಾರಿನ ಮರ ಸೀಳುತ್ತಂತೆ. ಹೋದ ವರ್ಷದ ಹಿಂದಿನ ಜನವರೀಲಿ ಒಂದು ಸೀಳ್ತು. ಅವರಪ್ಪ ಸತ್ತಾಗ್ಲೂ ಅಷ್ಟು ಅತ್ತಿರ್ಲಿಲ್ಲ. ಆವತ್ತಿಂದ ಇದು ಹಗಲೂ ರಾತ್ರಿ ನಡೀತಿದೆ. ಹೊರಗಿನ ಗಾಳಿ ಒಂದು ಚೂರೂ ಬರಬಾರದು ಅಂತ ಕಿಟಕಿ ಮೇಲಿನ ಗಾಳಿಕಿಂಡಿಗೂ ಟೇಪು ಹಾಕಿದಾನೆ.”

ಮೈಕೆನ್ ಕಟ್ಟಡದ ವಸತಿ ಸಂಘದ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ್ದರಿಂದ ಒಪ್ಪಿಕೊಂಡ ಕೆಲಸ. ಮನೆಗೆ ಬಂದು ಕಡತ ತೆರೆದು ನೋಡಿದಳು. ಹಿಂದಿನ ಗಾಳಿಕಿಂಡಿ ತಪಾಸಣೆಯಲ್ಲಿ ಹದಿನೆಂಟು ಮನೆಗಳ ಮುಂದೆ ಗುರುತಿತ್ತು. ಸ್ತೂರೆಯ ಮನೆಯ ಮುಂದೆ ‘ಯಾರೂ ಇರಲಿಲ್ಲ’ ಎಂದಿತ್ತು. ಮುಂದಿನ ತಪಾಸಣೆ ಮಾರ್ಚಿ ಹನ್ನೆರಡಕ್ಕೆ. ಕೆಳಗಿನ ಬಾಗಿಲಿಗೆ ಚೀಟಿ ಅಂಟಿಸಿ ಬಂದಳು. ಸ್ತೂರೆಯ ಅಂಚೆ ಕಿಂಡಿಯಲ್ಲಿ ಇನ್ನೊಂದು ಚೀಟಿ ಬೇರೆಯಾಗಿ ಹಾಕಿದಳು.

ಮಾರನೇ ದಿನವೇ ಮೆಟ್ಟಿಲ ಮೇಲೆ ಸಿಕ್ಕಿದ.

“ಮೈಕೆನ್, ಹನ್ನೆರಡನೇ ತಾರೀಖು ನಾವಿರಲ್ಲ.”

“ಗುನ್ವೋರ್ ಇರ್ತೀನಿ ಅಂದ್ಲು.”

“ಓ. ಅವಳು ಅಂದ್ಲಾ?” ಅವನು ಪೊರಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ತಪಾಸಣೆಯವನು ಬಾಗಿಲು ತೆಗೆದಿಟ್ಕೊಂಡು ಗಾಳಿ ಅಳೀತಾನೆ ಕಣೇ. ಹತ್ತು ನಿಮಿಷ ಸಾಕು, ತೇವ ಎಲ್ಲ ಹೋಗಿಬಿಡುತ್ತೆ. ಆಮೇಲೆ ಯಾರಿಗೆ ಹೇಳೋದು?”

“ನನಗೆ ಹೇಳು. ನಾನೂ ಬರ್ತೀನಿ ಅವನ ಜೊತೆ.”

ತಪಾಸಣೆಗೆ ಬಂದವನು ಮಾತು ಕಡಿಮೆಯ, ನೀಲಿ ಅಂಗಿಯ ಆಸಾಮಿ. ಗಿಟಾರಿನ ಕೋಣೆಯ ಬಾಗಿಲು ತೆರೆದೊಡನೆ ಒದ್ದೆ ನಾಯಿಯ ಮೈಯಂಥ ವಾಸನೆ ಹೊರಗೆ ಬಂತು. ಅವನು ಹೊಸ್ತಿಲಲ್ಲೇ ನಿಂತು ಮೂಗೆಳೆದ. ಕಿಟಕಿಯ ಗಾಜಿನ ಒಳಗೆಲ್ಲ ನೀರು ಹರಿದು ಕೆಳಗೆ ಹಲಗೆ ಉಬ್ಬಿತ್ತು. ಅವನು ಸ್ಟೂಲು ಹತ್ತಿ ಗಾಳಿಕಿಂಡಿಯ ಟೇಪನ್ನು ಉಗುರಿನಲ್ಲಿ ಎಬ್ಬಿಸಿ, ಪರ್ರನೆ ಎಳೆದು, ಯಾರ ಮುಖವನ್ನೂ ನೋಡದೆ ಜೇಬಿಗೆ ಹಾಕಿಕೊಂಡ.

“ಈ ಪೆಟ್ಟಿಗೆಗಳನ್ನ ಈ ಗೋಡೆಯಿಂದ ಸರಿಸ್ಬೇಕಲ್ಲ.”

“ಅದ್ಯಾಕೆ? ಗೋಡೆಗೇನಾಗಿದೆ?” ಸ್ತೂರೆ ಎರಡು ಕೈ ಅಗಲಿಸಿ ಅಡ್ಡ ನಿಂತ.

“ಹೊರಗಿನ ಗೋಡೆ ಇದು. ಸರಿಸಿ.”

“ಮೆಲ್ಲಗೆ! ಅಡ್ಡ ಇಡಬೇಡ, ನೆಟ್ಟಗೆ, ನೆಟ್ಟಗೆ ಹಿಡಿ! ಮೈಕೆನ್, ನೀನು ಆ ಕಂದು ಬಣ್ಣದ್ದು ಮುಟ್ಟಬೇಡ, ನಾನು ತರ್ತೀನಿ.”

ಅವನೇ ಒಂದೊಂದಾಗಿ ಎತ್ತಿ, ಮಗುವನ್ನು ಎತ್ತಿದಂತೆ ಎತ್ತಿ, ಹಜಾರದಲ್ಲಿ ಸಾಲಾಗಿ ನಿಲ್ಲಿಸಿದ. ಹದಿನಾಲ್ಕನೆಯದನ್ನು ಎತ್ತಿದಾಗ ಗೋಡೆ ಕಂಡಿತು. ನೆಲದಿಂದ ಮಂಡಿಯವರೆಗೂ ಕಪ್ಪು. ಮಸಿ ಬಳಿದ ಕಪ್ಪಲ್ಲ. ಮೆತ್ತಗೆ, ರೋಮ ಇದ್ದಂಥ ಬೂಷ್ಟು. ಮೂಲೆಯಲ್ಲಿ ಅದು ಮಲಗುವ ಕೋಣೆಯ ಗೋಡೆಗೂ ದಾಟಿಕೊಂಡಿತ್ತು. ತಪಾಸಣೆಯವನು ಬೆರಳಿನಿಂದ ಒತ್ತಿದ. ಬೆರಳು ಗೋಡೆಯೊಳಗೆ ಇಳಿಯಿತು.

“ಇಲ್ಲಿ ಯಾರು ಮಲಗೋದು?” ಎಂದು ಕೇಳಿದ.

“ನಾನು,” ಎಂದಳು ಗುನ್ವೋರ್, ಬಾಗಿಲಿನಿಂದ. “ಈ ಮೂಲೆಯ ಆ ಕಡೆ. ನನ್ನ ತಲೆ ಅಲ್ಲಿ ಬರುತ್ತಿತ್ತು.” ಬೆರಳು ತೋರಿಸಿದಳು. ಅವಳು ತೋರಿಸಿದ ಜಾಗದಲ್ಲೇ ಕಪ್ಪು ಎಲ್ಲಕ್ಕಿಂತ ದಟ್ಟವಾಗಿತ್ತು.

ಆಗ ಸ್ತೂರೆ ಏನು ಮಾಡಿದನೆಂದರೆ, ತಿರುಗಿ ಹಜಾರಕ್ಕೆ ಓಡಿದ. ಮಂಡಿಯೂರಿ ಮೊದಲ ಪೆಟ್ಟಿಗೆಯ ಕೊಂಡಿ ಬಿಚ್ಚಿದ. ಗಿಟಾರನ್ನು ಬೆಳಕಿಗೆ ಹಿಡಿದು ಹಿಂದೆ ನೋಡಿದ, ಮುಂದೆ ನೋಡಿದ, ಮೂಗು ಹತ್ತಿರ ತಂದು ಮೂಸಿದ. ಎರಡನೆಯದು. ಮೂರನೆಯದು. ಕೊಂಡಿಗಳು ಟಕಟಕ ಎಂದವು. ಮೂವರೂ ಅವನನ್ನೇ ನೋಡುತ್ತ ನಿಂತಿದ್ದರು. ಹದಿನಾಲ್ಕೂ ಮುಗಿದ ಮೇಲೆ ಅವನು ತಲೆಯೆತ್ತಿದ. ಕಣ್ಣಲ್ಲಿ ನೀರಿತ್ತು.

“ದೇವರು ದೊಡ್ಡವನು. ಒಂದಕ್ಕೂ ಏನೂ ಆಗಿಲ್ಲ.”

ಗುನ್ವೋರ್ ಕೂಗಾಡಲಿಲ್ಲ. ಅಡುಗೆಮನೆಗೆ ಹೋಗಿ ಸೋಫಾದೊಳಗಿಂದ ತನ್ನ ದಿಂಬನ್ನೂ ಪಂಪನ್ನೂ ತೆಗೆದು ಚೀಲಕ್ಕೆ ತುಂಬಿದಳು. ಕೋಟು ಹಾಕಿಕೊಂಡಳು. ಹಜಾರದಲ್ಲಿ ಗಿಟಾರುಗಳು ಸಾಲಾಗಿ ಹರಡಿಕೊಂಡಿದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಸ್ಕರ್ಟನ್ನು ಸ್ವಲ್ಪ ಎತ್ತಿ ಒಂದೊಂದನ್ನೂ ದಾಟಿ ದಾಟಿ ಬಾಗಿಲಿಗೆ ಬಂದಳು.

“ಗುನ್ವೋರ್, ಎಲ್ಲಿಗೆ?”

“ರಾಗ್ನಿ ಮನೆಗೆ. ಉಸಿರಾಡೋಕೆ.”

ರಾಗ್ನಿ ಅವಳ ತಂಗಿ. ಹದಿನೈದು ಕಿಲೋಮೀಟರು ದೂರದ ಸ್ಮೆಡ್ಯೆಬಾಕೆನ್‌ನಲ್ಲಿದ್ದಳು. ಎರಡು ವಾರದಲ್ಲಿ ಗುನ್ವೋರ್‌ಳ ಕೆಮ್ಮು ಅರ್ಧವಾಯಿತು. ನಾಲ್ಕು ವಾರದಲ್ಲಿ ನಿಂತಿತು. ಇಷ್ಟು ಸಣ್ಣ ಸಂಗತಿ. ನಲವತ್ತಾರು ವರ್ಷದ ಸಂಸಾರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅವಳು ಫೋನು ಮಾಡುತ್ತಿದ್ದದ್ದು ಮೈಕೆನ್‌ಗೆ. ಏಪ್ರಿಲ್ ಮೊದಲ ವಾರದಲ್ಲಿ ಹೇಳಿದಳು: “ಗೋಡೆ ರಿಪೇರಿ ಆಗ್ಲಿ. ಗಿಟಾರು ಹೋಗ್ಲಿ. ಬರ್ತೀನಿ. ಒಂದು ಇಟ್ಕೊಳ್ಳಲಿ, ನಾನೇನು ರಾಕ್ಷಸಿ ಅಲ್ಲ. ಅವನು ನುಡಿಸೋದು ಯಾವುದೋ ಅದನ್ನ ಇಟ್ಕೊಳ್ಳಲಿ.”

ಮೈಕೆನ್ ಎದುರು ಮನೆಗೆ ಹೋಗಿ ಅದನ್ನು ಹಾಗೇ ಒಪ್ಪಿಸಿದಳು. ಸ್ತೂರೆ ತಲೆಯಾಡಿಸಿದ. “ನ್ಯಾಯವಾಗಿದೆ,” ಎಂದ. “ತುಂಬಾ ನ್ಯಾಯವಾಗಿದೆ.” ಗಡ್ಡ ಬೆಳೆದಿತ್ತು. ಊಟ ಮಾಡಿದಂತೆ ಕಾಣಲಿಲ್ಲ. ಮೈಕೆನ್ ಸಂಜೆ ಮೀನಿನ ಸಾರು ತಂದಿಟ್ಟು, ಅವನು ತಿನ್ನುವವರೆಗೂ ಕೂತು, ಆಮೇಲೆ ಅವನ ಕಂಪ್ಯೂಟರಿನಲ್ಲಿ ಜಾಹೀರಾತು ಬರೆಯಲು ಶುರುಮಾಡಿದಳು. ಅನುಕಂಪದಿಂದ ಗೋಡೆ ಒಣಗುವುದಿಲ್ಲ ಎಂಬುದು ಅವಳ ಎಣಿಕೆ.

ಕೊಳ್ಳುವವರು ಬಂದರು. ಯೇವ್ಲೆಯಿಂದ, ಊರೆಬ್ರೂದಿಂದ, ಅಲ್ಲಿಂದ ಇಲ್ಲಿಂದ. ಎಲ್ಲರೂ ಬರಿಗೈಯಲ್ಲೇ ಹೋದರು.

“ಅವನ ಕೈ ನೋಡಿದ್ಯಾ?” ಎನ್ನುತ್ತಿದ್ದ ಸ್ತೂರೆ. “ಬೆವರುಗೈ. ಒಂದು ವರ್ಷದಲ್ಲಿ ತಂತಿಗೆಲ್ಲ ತುಕ್ಕು.”

“ನಿನ್ನೆ ಬಂದಿದ್ದಳಲ್ಲ, ಆ ಹುಡುಗಿ?”

“ಅವಳು ನುಡಿಸೋಳು. ಊರೂರು ತಗೊಂಡ್ ಹೋಗ್ತಾಳೆ. ಬಾರುಗಳಿಗೆ. ಬಿಯರ್ ಚೆಲ್ಲುತ್ತೆ.”

“ಗಿಟಾರು ನುಡಿಸೋದಕ್ಕಲ್ವಾ ಇರೋದು?”

ಸ್ತೂರೆ ಅವಳನ್ನು, ಹಲ್ಲು ಜಗಿಯೋದಕ್ಕಲ್ವಾ ಎಂದು ಕೇಳುವ ರೋಗಿಯನ್ನು ಅವಳು ನೋಡುವಂತೆ ನೋಡಿದ.

ಕೊನೆಗೆ ಮೈಕೆನ್‌ಳೇ ವೆಸ್ತೆರೋಸ್‌ನ ಒಬ್ಬ ವ್ಯಾಪಾರಿಗೆ ಫೋನು ಮಾಡಿದಳು. ಎಲ್ಲವನ್ನೂ ಒಟ್ಟಿಗೆ ಒಯ್ಯುವವನು, ಬೆವರುಗೈಯೋ ಒಣಗೈಯೋ ಸ್ತೂರೆಗೆ ಗೊತ್ತಾಗದಂತೆ. ವ್ಯಾನು ಬಂದದ್ದು ಶನಿವಾರ ಮಧ್ಯಾಹ್ನ. ಆವತ್ತೇ ಲೆಕ್ಕ ಹೊರಬಿದ್ದದ್ದು: ಕಪಾಟಿನ ಮೇಲಿಂದ ಮೂರು, ಕೋಟುಗಳ ಹಿಂದಿನಿಂದ ಎರಡು, ನೆಲಮಾಳಿಗೆಯ ಸಾಮಾನಿನ ಗೂಡಿನಲ್ಲಿ ಹಿಮದ ಟೈರುಗಳ ಹಿಂದೆ ಮೂರು. ಸ್ತೂರೆ ಒಂದೊಂದನ್ನೂ ಕೊಡುವಾಗ ಅದರ ಕತೆ ಹೇಳಲು ಹೊರಟ. ಇದು ಯಾವ ಬ್ಯಾಂಡಿನವನದು, ಇದನ್ನು ತರಲು ಯಾವ ಹಿಮದಲ್ಲಿ ಊಮೆಯೋವರೆಗೂ ಹೋಗಿದ್ದೆ. ವ್ಯಾಪಾರಿ “ಹೂಂ, ಹೂಂ” ಎನ್ನುತ್ತ ಪೆಟ್ಟಿಗೆಯ ಮೇಲೆ ಬಿಳಿ ಚೀಟಿ ಅಂಟಿಸುತ್ತ ಹೋದ. ಜನವರಿಯಲ್ಲಿ ಸೀಳಿದ್ದನ್ನು ಮಾತ್ರ ಎತ್ತಿ ನೋಡಿ ಕೆಳಗಿಟ್ಟ. “ಇದು ಬೇಡ. ಇದನ್ನ ನೀನೇ ಇಟ್ಕೋ.” ಯಾವುದನ್ನು ಉಳಿಸಿಕೊಳ್ಳುವುದೆಂದು ಮೂರು ವಾರದಿಂದ ತೀರ್ಮಾನಿಸಲಾಗದೆ ಕೂತಿದ್ದವನಿಗೆ ಹಾಗೆ ಅವನ ಗಿಟಾರು ಗೊತ್ತಾಯಿತು.

ದುಡ್ಡು ಗೋಡೆಗೆ ಹೋಯಿತು. ಗಾಳಿಕಿಂಡಿ ಮುಚ್ಚಿದ್ದು ಅವನೇ ಆದ್ದರಿಂದ ಸಂಘ ಕೊಡುವಂತಿರಲಿಲ್ಲ. ಆ ಪತ್ರ ಬರೆದದ್ದೂ ಮೈಕೆನ್‌ಳೇ. ಕೆಲಸದವರು ಗೋಡೆ ಕಿತ್ತರು, ಮೂರು ವಾರ ಒಣಗಿಸಿದರು, ಹೊಸದು ಕೂರಿಸಿದರು. ಮಧ್ಯೆ ಸ್ತೂರೆ ಎದ್ದು ನಿಂತ. ಗಡ್ಡ ಬೋಳಿಸಿದ. ಬಣ್ಣ ತಾನೇ ಹೊಡೆಯುತ್ತೇನೆಂದು ಹೊಡೆದ. ಲೋವಾ ಒಂದು ಪುಟ್ಟ ಕುಂಚ ಹಿಡಿದು ಕೆಳಗಿನ ಪಟ್ಟಿಗೆ ಬಳಿಯಿತು.

ಮೇ ತಿಂಗಳ ಒಂದು ಸೋಮವಾರ ಗುನ್ವೋರ್ ಫೋನು ಮಾಡಿದಳು. ಸುತ್ತಿ ಬಳಸಲಿಲ್ಲ.

“ಖಾಲಿನಾ?”

“ಖಾಲಿ. ಒಂದಿದೆ. ಆ ಸೀಳಿದ್ದು.”

“ನೀನು ಕಣ್ಣಾರೆ ನೋಡಿದ್ಯಾ? ಕೋಟುಗಳ ಹಿಂದೆ? ಕೆಳಗೆ ಗೂಡಲ್ಲಿ?”

“ನೋಡಿದೀನಿ ಗುನ್ವೋರ್. ಬ್ಯಾಟರಿ ಹಾಕ್ಕೊಂಡು ನೋಡಿದೀನಿ.”

ಆ ಕಡೆಯಿಂದ ಉಸಿರು ಕೇಳಿಸುತ್ತಿತ್ತು, ಸಲೀಸಾಗಿ, ಸಿಳ್ಳೆಯಿಲ್ಲದೆ.

“ಅವನು ಹೇಳಿದ್ರೆ ನಂಬಲ್ಲ. ನೀನು ಹೇಳಿದ್ರೆ ನಂಬ್ತೀನಿ. ನಂಬಿ ಬಂದು ಮತ್ತೆ ಏನಾದ್ರೂ ಕಂಡರೆ, ನಾನು ಮತ್ತೆ ಹೋಗಲ್ಲ ಮೈಕೆನ್, ಅಷ್ಟು ಶಕ್ತಿ ಇಲ್ಲ. ಅಲ್ಲೇ ಸಾಯ್ತೀನಿ. ಅದಕ್ಕೇ ಕೇಳ್ತಿದೀನಿ.”

“ಬಾ,” ಎಂದಳು ಮೈಕೆನ್. “ನಾನಿದೀನಿ.”

ಶನಿವಾರ ರಾಗ್ನಿ ಕಾರಿನಲ್ಲಿ ಕರೆತರುವುದೆಂದಾಯಿತು.

ಗುರುವಾರ ಮಧ್ಯಾಹ್ನ ಮೈಕೆನ್ ರಜೆ ಹಾಕಿ ಮನೆಯಲ್ಲಿದ್ದಳು. ಲೋವಾ ಅಂಗಳದ ಉಯ್ಯಾಲೆಯಲ್ಲಿತ್ತು. ಸ್ತೂರೆ ಬಾಗಿಲು ತಟ್ಟಿದ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ತಾನೇ ಸುಟ್ಟ ಏಲಕ್ಕಿ ಬನ್ನು. ಮೊದಲು ಬಂದು ಕೋಣೆ ನೋಡು ಎಂದು ಕರೆದೊಯ್ದ. ಬಿಳಿ ಗೋಡೆ, ತೆರೆದ ಗಾಳಿಕಿಂಡಿ, ಕಿಟಕಿಯಲ್ಲಿ ಜೆರೇನಿಯಂ ಕುಂಡ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆಳೆದು, ಗುನ್ವೋರ್‌ಳ ಕಡೆಗೆ ಹೊಸ ದಿಂಬು ಇಟ್ಟಿದ್ದ. ಆ ದಿಂಬನ್ನು ಅವನು ಅಂಗೈಯಿಂದ ಒಮ್ಮೆ ಸವರಿದ್ದನ್ನು ಮೈಕೆನ್ ನೋಡಿದಳು. ಮನುಷ್ಯ ಬದಲಾಗುತ್ತಾನಪ್ಪ ಎಂದುಕೊಂಡಳು. ವಾಪಸು ಬಂದು ತನ್ನ ಅಡುಗೆಮನೆಯಲ್ಲಿ ಅವನಿಗೆ ಕಾಫಿ ಕೊಟ್ಟಳು.

ಅವಳ ಫೋನು ಕಿಣಿಕಿಣಿ ಎಂದಿತು. ಬೀದಿ ಕೊನೆಯ ದಿನಸಿ ಅಂಗಡಿಯಿಂದ ಸಂದೇಶ: ನಿಮ್ಮ ಹೆಸರಿಗೆ ಪಾರ್ಸೆಲ್ಲು ಬಂದಿದೆ, ಗುರುತಿನ ಚೀಟಿ ತೋರಿಸಿ ಒಯ್ಯಬಹುದು.

“ನಾನೇನೂ ತರಿಸಿಲ್ವಲ್ಲ,” ಎಂದಳು.

ಸ್ತೂರೆ ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ತಟ್ಟೆಯಂಚಿಗೆ ಇಡುತ್ತಿದ್ದ. ತಲೆಯೆತ್ತಲಿಲ್ಲ. ಅವನ ಕಿವಿ ಕೆಂಪಾಯಿತು.

“ಸ್ತೂರೆ.”

“ಅಲ್ಲಿ ಕೌಂಟರಲ್ಲಿ ನಿಲ್ಲೋಳು ರಾಗ್ನಿ ಸೊಸೆ. ನನ್ನ ಹೆಸರಿಗೆ ಬಂದ್ರೆ ಸಂಜೆಯೊಳಗೆ ಗುನ್ವೋರ್‌ಗೆ ಗೊತ್ತಾಗುತ್ತೆ. ಅದಕ್ಕೇ ನಿನ್ನ ಹೆಸರು, ನಿನ್ನ ನಂಬರು ಹಾಕ್ದೆ. ಕೇಳ್ಬೇಕಿತ್ತು, ಗೊತ್ತು. ಆದ್ರೆ ಬೇರೆ ಯಾರೋ ಕೊಂಡುಬಿಡ್ತಿದ್ರು ಮೈಕೆನ್, ಇನ್ನು ಎರಡು ಗಂಟೆ ಬಿಟ್ಟಿದ್ರೆ ಹೋಗ್ತಿತ್ತು.”

ಅವಳು ಕಾಫಿ ಲೋಟವನ್ನು ಕೆಳಗಿಟ್ಟಳು. ಕಿಟಕಿಯಾಚೆ ಉಯ್ಯಾಲೆಯ ಸರಪಳಿ ಕಿರ್‌ಗುಟ್ಟುತ್ತಿತ್ತು.

“ಒಂದೇ ಒಂದು,” ಎಂದ ಸ್ತೂರೆ. ಮುಖ ಬೆಳಗಿತ್ತು, ಅವನಿಗೇ ತಡೆಯಲಾಗದೆ ಬೆಳಗಿತ್ತು. ಎಡಗೈ ಎತ್ತಿ ಬಾಗಿದ ಬೆರಳುಗಳನ್ನು ಗಾಳಿಯಲ್ಲಿ ಒಂದು ಕಾಣದ ಕತ್ತಿನ ಸುತ್ತ ಹಿಡಿದ. “ಇಷ್ಟು ಸಣ್ಣ ಕತ್ತು ನಾನು ನೋಡೇ ಇಲ್ಲ. ಇದರಲ್ಲಿ ಬೆರಳು ಕೂರುತ್ತೆ. ಕೂತ್ರೆ ಆಮೇಲೆ ಮುಗೀತು, ದೇವರ ಆಣೆ. ಭಾರ ಇಲ್ಲ, ಉದ್ದದ ಪೆಟ್ಟಿಗೆ ಅಷ್ಟೆ. ಅಂಗಡಿ ಎಂಟರವರೆಗೂ ಇರುತ್ತೆ. ಇವತ್ತೇ ತಂದಿಟ್ಟುಬಿಡ್ತೀಯಾ? ನಿನ್ನ ಮನೇಲೇ ಇರ್ಲಿ, ಲೋವಾ ಮಂಚದ ಕೆಳಗೆ. ಗುನ್ವೋರ್ ಮಲಗಿದಾಗ ಬಂದು ಅರ್ಧ ಗಂಟೆ ಹಿಡ್ಕೊಂಡ್ ಹೋಗ್ತೀನಿ.” ಅವನು ಬಾಗಿ ಅವಳ ಮಣಿಕಟ್ಟು ಹಿಡಿದುಕೊಂಡ. “ಅವಳ ಕಣ್ಣಿಗೇನಾದ್ರೂ ಬಿದ್ರೆ, ಲೋವಾ ಗಿಟಾರು ಕಲೀತಿದಾಳೆ ಅಂತ ಹೇಳ್ತೀಯಾ? ನೀನು ಹೇಳಿದ್ರೆ ಅವಳು ನಂಬ್ತಾಳೆ.”